ಮಹಿಳಾ ಹಕ್ಕಿನ ಚರ್ಚೆ ನೋಡುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ

ಕಾಸರಗೋಡಿನ ಕನ್ನಡಿಗರಿಗೆ ಒಂದು ಅನುಕೂಲ ಉಂಟು. ಸಂಜೆ ಎಂಟಕ್ಕೆ ರಿಮೋಟ್ ಒತ್ತಿದರೆ ಬೆಂಗಳೂರಿನ ಜಗಳವೂ ಸಿಗುತ್ತದೆ, ತಿರುವನಂತಪುರದ ಜಗಳವೂ ಸಿಗುತ್ತದೆ. ಎರಡೂ ಭಾಷೆ ಅರ್ಥವಾಗುತ್ತದೆ. ಎರಡೂ ಕಡೆ ನಮ್ಮೂರಿನ ಮುಖ ಕಾಣುವುದು ತೀರಾ ಅಪರೂಪ. ಹಾಗಾಗಿ ಯಾರ ಮೇಲೂ ನಮಗೆ ದಾಕ್ಷಿಣ್ಯ ಇಲ್ಲ, ಕೂತು ಆರಾಮಾಗಿ ಕೇಳಬಹುದು.

ಟಿವಿಯಲ್ಲಿ, ಅಂಕಣದಲ್ಲಿ, ಚುನಾವಣೆಯ ವೇದಿಕೆಯಲ್ಲಿ ಹೆಣ್ಣುಮಕ್ಕಳ ಬಗ್ಗೆ ಮಾತಾಡುವವರು ಯಾವ ಹೆಣ್ಣುಮಕ್ಕಳ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಪತ್ತೆ ಮಾಡುವುದು ಹೇಗೆ? ಅದಕ್ಕೆ ಈ ಬರಹ. ಇದು ಉಳ್ಳವರು, ದುಡಿಯುವವರು ಅನ್ನುವ ವರ್ಗದ ಪ್ರಶ್ನೆ. ವರ್ಗ ಅಂದ ಕೂಡಲೇ ದಪ್ಪ ಪುಸ್ತಕ ತೆಗೆಯಬೇಕಾಗಿಲ್ಲ. ಯಾರ ಮನೆಗೆ ಕೆಲಸದವರು ಬರುತ್ತಾರೆ, ಯಾರು ಇನ್ನೊಬ್ಬರ ಮನೆಗೆ ಕೆಲಸಕ್ಕೆ ಹೋಗುತ್ತಾರೆ, ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು.

ಮೊದಲು ಟಿವಿ ಮ್ಯೂಟ್ ಮಾಡಿ

ಹೌದು, ಮೊದಲ ಎರಡು ನಿಮಿಷ ಶಬ್ದ ಬೇಡ. ಕೂತವರ ಹೆಸರಿನ ಕೆಳಗೆ ಬರುವ ಪಟ್ಟಿ ನೋಡಿ ಬರೆದುಕೊಳ್ಳಿ. ವಕೀಲೆ, ಪಕ್ಷದ ವಕ್ತಾರೆ, ನಟಿ, ಲೇಖಕಿ, ನಿವೃತ್ತ ಅಧಿಕಾರಿ, 'ಸಾಮಾಜಿಕ ಕಾರ್ಯಕರ್ತೆ'. ಈಗ ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆ ಹಾಕಿ: ಇವತ್ತು ಚರ್ಚೆ ಆಗುತ್ತಿರುವ ವಿಷಯದಿಂದ ಇವರ ಮುಂದಿನ ತಿಂಗಳ ಖರ್ಚಿಗೆ ಏನಾದರೂ ವ್ಯತ್ಯಾಸ ಆಗುತ್ತದಾ? ಎಲ್ಲರ ಮುಂದೆಯೂ 'ಇಲ್ಲ' ಅಂತ ಬಂದರೆ, ವ್ಯತ್ಯಾಸ ಆಗುವವಳು ಸ್ಟುಡಿಯೋದ ಹೊರಗಿದ್ದಾಳೆ ಅಂತ ಅರ್ಥ.

ಒಮ್ಮೊಮ್ಮೆ ಆಕೆಯೂ ಕಾಣಿಸುತ್ತಾಳೆ. ಎಲ್ಲಿ? ವರದಿಗಾರ ಮೈಕ್ ಹಿಡಿದಾಗ, ಹದಿನೈದು ಸೆಕೆಂಡು. ಆಕೆ ಅಳಬೇಕು ಅಥವಾ ಬೈಯಬೇಕು. ಅದಕ್ಕೆ ಅರ್ಥ ಹೇಳುವ ಕೆಲಸ ಸ್ಟುಡಿಯೋದವರದ್ದು. ನೋವು ಒಬ್ಬರದ್ದು, ಅಭಿಪ್ರಾಯ ಇನ್ನೊಬ್ಬರದ್ದು. ಇದನ್ನು ಒಮ್ಮೆ ಗಮನಿಸಿದರೆ ಮತ್ತೆ ಪ್ರತಿ ಸಂಜೆ ಕಣ್ಣಿಗೆ ಹೊಡೆಯುತ್ತದೆ.

ಕುರ್ಚಿ ಹಂಚುವವರು ಯಾರು ಅನ್ನುವುದಕ್ಕೂ ಲೆಕ್ಕ ಉಂಟು. ಆಕ್ಸ್‌ಫಾಮ್ ಇಂಡಿಯಾ ಅನ್ನುವ ಸೇವಾಸಂಸ್ಥೆ ಮತ್ತು ನ್ಯೂಸ್‌ಲಾಂಡ್ರಿ ಅನ್ನುವ ಸುದ್ದಿತಾಣ 2019ರಲ್ಲಿ ದೇಶದ ಸುದ್ದಿಮನೆಗಳನ್ನು ನೋಡಿ ಒಂದು ವರದಿ ಮಾಡಿದ್ದವು. ಅವರು ಎಣಿಸಿದ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿತ್ತು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ನಮ್ಮ ದೇಶದಲ್ಲಿ ವರ್ಗದ ಬಾಲ ಹಿಡಿದರೆ ಜಾತಿಯ ತಲೆ ಸಿಗುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುತ್ತೇನೆ ಅನ್ನುವವರಿಗೆ ಶುಭವಾಗಲಿ.

ಆಮೇಲೆ ಯಾವ ಪುಟ ಓದುತ್ತಿದ್ದಾರೆ ನೋಡಿ

ಮಲಯಾಳಂ ಸಿನೆಮಾದಲ್ಲಿ ದುಡಿಯುವ ಹೆಂಗಸರ ಪಾಡು ನೋಡಲು ಕೇರಳ ಸರಕಾರ ಮಾಡಿದ ಜಸ್ಟಿಸ್ ಹೇಮಾ ಸಮಿತಿಯ ವಿಷಯ ತೆಗೆದುಕೊಳ್ಳಿ. 2017ರಲ್ಲಿ ಸಮಿತಿ ಆಯ್ತು, 2019ರ ಡಿಸೆಂಬರ್‌ನಲ್ಲಿ ವರದಿ ಸರಕಾರದ ಕೈ ಸೇರಿತು, ಜನರ ಕೈಗೆ ಬಂದಿದ್ದು 2024ರ ಆಗಸ್ಟ್ 19ಕ್ಕೆ. ಬಂದ ಮೇಲೆ ವಾರಗಟ್ಟಲೆ ಮಲಯಾಳಂ ಚಾನೆಲ್‌ಗಳಲ್ಲಿ ಬೇರೆ ಮಾತೇ ಇಲ್ಲ. ಆದರೆ ಮಾತು ಬಹುಪಾಲು ಒಂದೇ ಕಡೆ ತಿರುಗುತ್ತಿತ್ತು: ಆ ದೊಡ್ಡ ನಟ ಯಾರು, ಈ ನಿರ್ದೇಶಕ ಯಾರು. ಅದೇ ವರದಿಯಲ್ಲಿ ಜೂನಿಯರ್ ಕಲಾವಿದೆಯರ ಪಾಡೂ ಉಂಟು. ಶೂಟಿಂಗ್ ಜಾಗದಲ್ಲಿ ಶೌಚಾಲಯ ಇಲ್ಲದೆ ಹೆಂಗಸರು ನೀರು ಕುಡಿಯದೆ ದಿನ ಕಳೆಯುವ ಕತೆಯೂ ಉಂಟು. ನಟಿಯರಿಗೆ ಆಗಿದ್ದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಅವರು ಬಾಯಿ ಬಿಡದಿದ್ದರೆ ಸಮಿತಿಯೇ ಆಗುತ್ತಿರಲಿಲ್ಲ. ಆದರೆ ಮೂತ್ರಕ್ಕೆ ಹೋಗಲು ಜಾಗ ಇಲ್ಲ ಅನ್ನುವುದು ಪ್ರೈಮ್ ಟೈಮ್‌ಗೆ ಹೊಂದುವ ವಿಷಯ ಅಲ್ಲ ಅಂತ ಯಾರು ತೀರ್ಮಾನ ಮಾಡಿದರು? ಪೆನ್ಸಿಲ್ ಇರುವುದು ಇದನ್ನು ಬರೆದಿಡುವುದಕ್ಕೆ.

ಮಹಿಳಾ ದಿನಾಚರಣೆಯ ಸಂದರ್ಶನಗಳಲ್ಲಿ ಇನ್ನೊಂದು ಬಗೆ. "ಮನೆ ಮತ್ತು ಕೆಲಸ ಎರಡನ್ನೂ ಹೇಗೆ ನಿಭಾಯಿಸುತ್ತೀರಿ?" ಗಂಡಸರನ್ನು ಈ ಪ್ರಶ್ನೆ ಕೇಳುವುದಿಲ್ಲ ಅನ್ನುವ ತಕರಾರು ಸರಿಯೇ. ಆದರೆ ಉತ್ತರವನ್ನೂ ಕೇಳಿ. ಬೇಗ ಏಳುತ್ತೇನೆ, ಯೋಗ ಮಾಡುತ್ತೇನೆ, ಗಂಡನ ಸಹಕಾರ ಉಂಟು. ಬೆಳಗ್ಗೆ ಆರಕ್ಕೆ ಬಂದು ಪಾತ್ರೆ ತೊಳೆದು, ಮಗುವಿಗೆ ತಿಂಡಿ ಕೊಟ್ಟು, ನೆಲ ಒರೆಸಿ ಹೋಗುವವಳ ಸುದ್ದಿ ಬರುತ್ತದಾ? ಮನೆಕೆಲಸದವರಿಗೂ ಬೇರೆ ಕಾರ್ಮಿಕರ ಹಾಗೆ ರಜೆ, ಕೂಲಿ, ಗೌರವ ಇರಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಂದು ಒಪ್ಪಂದ ಮಾಡಿತು. 189ನೇ ಒಪ್ಪಂದ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಮಹಿಳಾ ಸಬಲೀಕರಣದ ಭಾಷಣ ಮಾಡುವ ಪಕ್ಷಗಳೆಲ್ಲ ಸರದಿಯಲ್ಲಿ ದಿಲ್ಲಿ ಆಳಿದ ಮೇಲೂ.

ನಮ್ಮ ಕಡೆ ಬೀಡಿ ಕಟ್ಟುವವರ ಮನೆಗೆ ಹೋದರೆ ಈ ಚರ್ಚೆಗಳೆಲ್ಲ ಎಷ್ಟು ದೂರದಲ್ಲಿವೆ ಅಂತ ಗೊತ್ತಾಗುತ್ತದೆ. ಟಿವಿ ಓಡುತ್ತಿರುತ್ತದೆ, ಆಕೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕೂತಿರುತ್ತಾಳೆ. ನೆನೆಸಿದ ಎಲೆಯ ಮೇಲೆ ಅಳತೆಯ ತಗಡು ಇಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಮಾಡುವುದು, ನೂಲು ಸುತ್ತಿ ಬಾಯಿ ಮಡಚುವುದು. ಕಣ್ಣು ಟಿವಿಯ ಮೇಲೆ, ಕೈ ತನ್ನ ಪಾಡಿಗೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಬೀಡಿ ಕಂಪನಿಯ ಬ್ರಾಂಚಿಗೆ ತೆಗೆದುಕೊಂಡು ಹೋದ ಮೇಲೆ ಸರಿ ಇಲ್ಲ ಅಂತ ಒಂದಷ್ಟು ತೆಗೆದು ಹಾಕುತ್ತಾರೆ, ಎಲೆ ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಆ ಸಂಜೆ ಟಿವಿಯಲ್ಲಿ ಹೆಣ್ಣಿನ ಆರ್ಥಿಕ ಸ್ವಾತಂತ್ರ್ಯದ ಬಗ್ಗೆ ಚರ್ಚೆ. ದುಡಿಯುವ ಹೆಣ್ಣು ಅಂದರೆ ಅವರ ಪ್ರಕಾರ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಮನೆಯಿಂದ ಹೊರಗೆ ಹೊರಟವಳು. ಮದುವೆಗೆ ಮುಂಚಿನಿಂದಲೂ ಮನೆಯಲ್ಲೇ ಕೂತು ದುಡಿದು ಮನೆ ಸಾಕಿದವಳು ಆ ಲೆಕ್ಕದಲ್ಲಿ ಗೃಹಿಣಿ.

ಹೊಗಳಿಕೆ ಕೇಳಿದ ಕೂಡಲೇ ಸಂಬಳ ಕೇಳಿ

ರಾಜಕಾರಣಿಗಳ ಮಾತು ತೂಗುವುದಕ್ಕೆ ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ. ತಾಯಿ, ಶಕ್ತಿ, ದೇವತೆ, ನವೋತ್ಥಾನದ ನಾಯಕಿ ಅಂತ ಬಂದರೆ ಪೆನ್ಸಿಲ್ ತೆಗೆದು ಆಕೆಗೆ ತಿಂಗಳಿಗೆ ಎಷ್ಟು ಸಿಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ.

2019ರ ಜನವರಿ 1ರಂದು ಕೇರಳದ ಎಡರಂಗ ಸರಕಾರ ಸಮಾನತೆಯ ಹೆಸರಲ್ಲಿ ಮಾಡಿಸಿದ ವನಿತಾ ಮತಿಲ್ ಆಯ್ತಲ್ಲ, ಹೆಂಗಸರ ಗೋಡೆ. ಶುರುವಾಗಿದ್ದೇ ನಮ್ಮ ಕಾಸರಗೋಡಿನಿಂದ, ತಿರುವನಂತಪುರದವರೆಗೆ ಸುಮಾರು 620 ಕಿಲೋಮೀಟರ್. ಕುಟುಂಬಶ್ರೀ ಸ್ವಸಹಾಯ ಗುಂಪಿನವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಸಾಲಾಗಿ ನಿಂತರು. ಆರು ವರ್ಷ ಆದ ಮೇಲೆ, 2025ರ ಫೆಬ್ರವರಿ 10ರಿಂದ, ಆಶಾ ಕಾರ್ಯಕರ್ತೆಯರು ಸೆಕ್ರೆಟರಿಯೇಟ್ ಮುಂದೆ ಕೂತರು. ತಿಂಗಳ ಗೌರವಧನ 7,000 ರೂಪಾಯಿ ಇದ್ದಿದ್ದನ್ನು 21,000 ಮಾಡಿ, ನಿವೃತ್ತಿಗೆ 5 ಲಕ್ಷ ಕೊಡಿ ಅಂತ. ಆಗ ಇದೇ ಸರಕಾರದವರ ದನಿ ಬೇರೆಯಾಗಿತ್ತು. ಮಳೆಗೆ ಕಟ್ಟಿದ ಟಾರ್ಪಾಲನ್ನು ಪೊಲೀಸರು ಬಿಚ್ಚಿಸಿದರು. ಕೇಂದ್ರ ಸಚಿವ ಸುರೇಶ್ ಗೋಪಿ ಬಂದು ಕೊಡೆ, ಮಳೆಕೋಟು ಹಂಚಿದರು. ಕ್ಯಾಮರಾಕ್ಕೆ ಒಳ್ಳೆಯ ದೃಶ್ಯ. ಆದರೆ ಆಶಾ ಯೋಜನೆ ಕೇಂದ್ರದ್ದೇ ಅಲ್ವಾ? 2005ರಿಂದ ಇವತ್ತಿನವರೆಗೂ ಕಾಗದದಲ್ಲಿ ಅವರು ಸ್ವಯಂಸೇವಕಿಯರು, ಕಾರ್ಮಿಕರಲ್ಲ. ಕಾರ್ಮಿಕರು ಅಂತ ಬರೆದುಕೊಡುವುದಕ್ಕಿಂತ ಕೊಡೆ ಕೊಡುವುದು ಅಗ್ಗ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆಲ್ಲ ಪ್ರಶಸ್ತಿ ಕೊಟ್ಟಾಗ ದಿಲ್ಲಿಯಿಂದ ಅಭಿನಂದನೆಗಳ ಸುರಿಮಳೆ ಆಗಿತ್ತು.

ಐವತ್ತನೇ ದಿನ, ಮಾರ್ಚ್ 31ಕ್ಕೆ, ಅವರು ಬೀದಿಯಲ್ಲಿ ಕೂದಲು ಕತ್ತರಿಸಿಕೊಂಡರು. ಅವತ್ತು ಎಲ್ಲ ಚಾನೆಲ್‌ನವರೂ ಬಂದರು. ಅಕ್ಟೋಬರ್ ಕೊನೆಗೆ ರಾಜ್ಯ ಸರಕಾರ ಏರಿಸಿದ್ದು 1,000 ರೂಪಾಯಿ.

ಕರ್ನಾಟಕದ ಕಡೆ ತಿರುಗಿದರೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಶುರುವಾದ ದಿನದಿಂದ ಟಿವಿಯಲ್ಲಿ 'ಬಿಟ್ಟಿ' ಅನ್ನುವ ಮಾತು ನಿಂತಿಲ್ಲ. ಸುಮ್ನೆ ತಿರುಗಾಡುತ್ತಾರೆ, ದೇವಸ್ಥಾನಗಳೆಲ್ಲ ತುಂಬಿ ಹೋಗಿವೆ ಅಂತ ನಗು. ಹೀಗೆ ನಗುವವರನ್ನು ಕಂಡರೆ ಒಂದೇ ಪ್ರಶ್ನೆ ಸಾಕು: ನೀವು ಸರಕಾರಿ ಬಸ್ಸಿನಲ್ಲಿ ಕೊನೆಯ ಸಲ ನಿಂತುಕೊಂಡು ಹೋಗಿದ್ದು ಯಾವಾಗ? ಹಾಗಂತ ಯೋಜನೆ ಮಾಡಿದವರ ಜೈಕಾರಕ್ಕೂ ತಲೆ ಆಡಿಸಬೇಕಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಓಡುವುದು ಹೆಚ್ಚು ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಉಪ್ಪಳದಿಂದ ಮಂಗಳೂರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿಗೂ ಅದು ಇಲ್ಲ, ಯಾಕೆಂದರೆ ಆಕೆಯ ಆಧಾರ್‌ನಲ್ಲಿ ಕೇರಳದ ವಿಳಾಸ. ಮಾತೃಭಾಷೆ ಕನ್ನಡ ಆಗಿದ್ದರೆ ಕಂಡಕ್ಟರ್ ಏನು ಮಾಡಲಿಕ್ಕಾಗುತ್ತದೆ, ಪಾಪ.

ಇಲ್ಲಿ ಎಲ್ಲರೂ ಎಡವುವ ಜಾಗ

ಇಷ್ಟು ಕಲಿತ ಮೇಲೆ ಒಂದು ಚಟ ಹತ್ತಿಕೊಳ್ಳುತ್ತದೆ. ಯಾವ ಹೆಂಗಸು ಬಾಯಿ ತೆರೆದರೂ "ಇವಳಿಗೇನು ಗೊತ್ತು, ಕಾರಲ್ಲಿ ತಿರುಗುವವಳು" ಅನ್ನುವುದು. ಗಂಡಸರಿಗಂತೂ ಇದು ಬಹಳ ಇಷ್ಟದ ಮಾತು. ಬಡವರ ಮೇಲೆ ಪ್ರೀತಿ ಇದ್ದ ಹಾಗೂ ಆಯ್ತು, ಹೆಂಗಸರ ಬಾಯಿ ಮುಚ್ಚಿಸಿದ ಹಾಗೂ ಆಯ್ತು.

ಇದಕ್ಕೆ ದೊಡ್ಡ ಉದಾಹರಣೆ ಸಂಸತ್ತಿನಲ್ಲೇ ಉಂಟು. ಮಹಿಳಾ ಮೀಸಲಾತಿ ಮಸೂದೆ ಮೊದಲು ಬಂದಿದ್ದು 1996ರಲ್ಲಿ, ದೇವೇಗೌಡರು ಪ್ರಧಾನಿ ಆಗಿದ್ದಾಗ. ಮರುವರ್ಷ ಜನತಾದಳದ ಸಂಸದ ಶರದ್ ಯಾದವ್ ಅದನ್ನು ವಿರೋಧಿಸುತ್ತಾ, ಇದರಿಂದ ಕೂದಲು ಕತ್ತರಿಸಿಕೊಂಡ ಪೇಟೆಯ ಹೆಂಗಸರಿಗೆ ಮಾತ್ರ ಲಾಭ ಅನ್ನುವ ಅರ್ಥದ ಮಾತಾಡಿದರು. ಹಿಂದುಳಿದ ವರ್ಗದ ಹೆಂಗಸರಿಗೆ ಒಳಮೀಸಲಾತಿ ಬೇಕು ಅನ್ನುವುದು ಬೇಡಿಕೆ. ಬೇಡಿಕೆಯಲ್ಲಿ ಹುರುಳಿತ್ತು. ಗೀತಾ ಮುಖರ್ಜಿ ಅಧ್ಯಕ್ಷತೆಯ ಸಂಸದೀಯ ಸಮಿತಿ ಕೂಡ ಮುಂದೆ ಇದನ್ನು ಯೋಚಿಸಬೇಕು ಅಂತ ಹೇಳಿತ್ತು. ಆದರೆ ಆಗಿದ್ದೇನು? ಹಿಂದುಳಿದ ವರ್ಗದ ಹೆಂಗಸೂ ಒಳಗೆ ಬರಲಿಲ್ಲ, ಕೂದಲು ಕತ್ತರಿಸಿದವಳೂ ಬರಲಿಲ್ಲ, ಮಸೂದೆ ಇಪ್ಪತ್ತೇಳು ವರ್ಷ ಮೂಲೆಗೆ ಬಿತ್ತು. 2023ರಲ್ಲಿ 106ನೇ ತಿದ್ದುಪಡಿಯಾಗಿ ಪಾಸಾದಾಗಲೂ ಪರಿಶಿಷ್ಟರಿಗೆ ಒಳಮೀಸಲಾತಿ ಸಿಕ್ಕಿತು, ಹಿಂದುಳಿದವರಿಗೆ ಸಿಗಲಿಲ್ಲ. ಅದರ ಮೇಲೆ ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮೇಲೆ ಜಾರಿ ಅನ್ನುವ ಷರತ್ತು.

ಹಾಗಾಗಿ ಪರೀಕ್ಷೆ ಇದು. ಒಬ್ಬರು ವರ್ಗದ ಮಾತು ಎತ್ತಿದ ಮೇಲೆ ಕೋಣೆಗೆ ಇನ್ನೊಬ್ಬ ಹೆಂಗಸು ಬಂದಳಾ, ಇಲ್ಲ ಇದ್ದವಳೂ ಎದ್ದು ಹೋದಳಾ? ಬಂದಿದ್ದರೆ ಅದು ಕೆಲಸದ ಟೀಕೆ. ಎದ್ದು ಹೋಗಿದ್ದರೆ ಅದು ಓಡಿಸುವುದಕ್ಕೆ ಹಿಡಿದ ಕೋಲು.

ಬಂದಿದ್ದಕ್ಕೂ ಉದಾಹರಣೆ ಕೇರಳದಲ್ಲೇ ಬೇಕಾದಷ್ಟು. ಕೋಝಿಕ್ಕೋಡಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅಂಗಡಿಯಲ್ಲಿ ದುಡಿಯುವ ಹೆಂಗಸರನ್ನು ಸೇರಿಸಿ ಪೆಣ್‌ಕೂಟ್ ಅನ್ನುವ ಸಂಘಟನೆ ಕಟ್ಟಿದರು. ಶೌಚಾಲಯ ಕೊಡಿ, ಕೂರಲು ಬಿಡಿ, ಇಷ್ಟೇ ಬೇಡಿಕೆ. ಬಟ್ಟೆ ಅಂಗಡಿಯಲ್ಲಿ ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕು, ಗಿರಾಕಿ ಇಲ್ಲದಿದ್ದರೂ. ಇದು ಸ್ತ್ರೀವಾದದ ವಿಷಯ ಅಂತ ದೊಡ್ಡ ವೇದಿಕೆಗಳಿಗೆ ಹೊಳೆದಿರಲಿಲ್ಲ. ಕಾರ್ಮಿಕರ ವಿಷಯ ಅಂತ ದೊಡ್ಡ ಯೂನಿಯನ್‌ಗಳಿಗೂ ಹೊಳೆದಿರಲಿಲ್ಲ. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. 2015ರ ಸೆಪ್ಟೆಂಬರ್‌ನಲ್ಲಿ ಮುನ್ನಾರಿನ ಟೀ ತೋಟದ ಹೆಂಗಸರದ್ದು ಇನ್ನೂ ಜೋರು. ಬೋನಸ್ ಶೇಕಡಾ 20ರಿಂದ 10ಕ್ಕೆ ಇಳಿದಾಗ ಸಾವಿರಾರು ಜನ ರಸ್ತೆಗೆ ಇಳಿದು, ಯೂನಿಯನ್ ನಾಯಕರನ್ನೂ ಪಕ್ಷದವರನ್ನೂ ಹತ್ತಿರ ಬರಲು ಬಿಡಲಿಲ್ಲ. ಆ ಕೂಟದ ಹೆಸರು ಪೆಂಬಿಳೈ ಒರುಮೈ, ಅಂದರೆ ಹೆಂಗಸರ ಒಗ್ಗಟ್ಟು. ತಮಿಳು ಮಾತಾಡುವವರು, ಹೆಚ್ಚಿನವರು ದಲಿತರು, ಕೇರಳದಲ್ಲಿ ನಮ್ಮ ಹಾಗೆಯೇ ಬೇರೆ ಭಾಷೆಯವರು. ತಮ್ಮ ಪರವಾಗಿ ಇನ್ನೊಬ್ಬರು ಮಾತಾಡುವುದು ಬೇಡ ಅಂತ ಅವರು ಹೇಳಿದ್ದನ್ನು ಗಡಿನಾಡಿನ ನಾವು ಬೇರೆಯವರಿಗಿಂತ ಸ್ವಲ್ಪ ಬೇಗ ಅರ್ಥ ಮಾಡಿಕೊಳ್ಳಬಹುದು.

ಮೇಲಿನವರ ಹೋರಾಟ ಕೆಳಗೆ ಇಳಿಯುವುದೂ ಉಂಟು, ಕೆಳಗಿನವರ ಹೋರಾಟ ಮೇಲೆ ಹತ್ತುವುದೂ ಉಂಟು. 2018ರಲ್ಲಿ ಮೀಟೂ ಬಂತು. ಪತ್ರಕರ್ತೆ ಪ್ರಿಯಾ ರಮಣಿ ಹೆಸರು ಹೇಳಿದರು, ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ರಾಜೀನಾಮೆ ಕೊಟ್ಟರು, ಅವರು ಹಾಕಿದ ಮಾನನಷ್ಟ ಕೇಸು 2021ರಲ್ಲಿ ಬಿದ್ದುಹೋಯಿತು. ಇಂಗ್ಲಿಷ್ ಪತ್ರಿಕೆಯವರ ಗಲಾಟೆ ಅಂತ ತಳ್ಳಿಹಾಕಿದವರು ಜಾಸ್ತಿ. ಆದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಕಾನೂನು ಹುಟ್ಟಿದ್ದೇ ರಾಜಸ್ಥಾನದ ಭಟೇರಿಯ ಭಂವರಿ ದೇವಿಯಿಂದ. ಕುಂಬಾರರ ಹೆಂಗಸು, ಸಾಥಿನ್ ಅನ್ನುವ ಸರಕಾರದ ಹಳ್ಳಿ ಕಾರ್ಯಕರ್ತೆ, ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಗುಂಪು ಅತ್ಯಾಚಾರ. ಅದರ ಹಿಂದೆಯೇ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, 2013ರ ಕಾನೂನು. ಆಕೆಯ ಕೇಸಿನಲ್ಲಿ ಮಾತ್ರ ಕೆಳಗಿನ ಕೋರ್ಟು 1995ರಲ್ಲಿ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. ಹವಾನಿಯಂತ್ರಿತ ಆಫೀಸಿನ ಗೋಡೆಯಲ್ಲಿ ಇವತ್ತು ಅಂಟಿಸಿರುವ ಸಮಿತಿಯ ನೋಟೀಸು ಆಕೆ ಕೊಟ್ಟಿದ್ದು.

ಹಳೆಯ ಕಾಲದಲ್ಲೂ ಹೀಗೇ. 1918ರಲ್ಲಿ ಬ್ರಿಟನ್ನಿನ ಹೆಂಗಸರಿಗೆ ಮತ ಸಿಕ್ಕಿತು ಅಂತಾರೆ, ಸಿಕ್ಕಿದ್ದು ಮೂವತ್ತು ದಾಟಿದ, ಆಸ್ತಿಯ ಅರ್ಹತೆ ಇದ್ದವರಿಗೆ. ಉಳಿದವರು 1928ರವರೆಗೆ ಕಾದರು. ನಾವು ಆಗ ದಕ್ಷಿಣ ಕನ್ನಡದಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ. ಅಲ್ಲಿ 1921ರಿಂದ ಹೆಂಗಸರಿಗೆ ಮತ ಇತ್ತು, ಆದರೆ ಆಸ್ತಿ ಇದ್ದವರಿಗೆ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತಾಗ, ಗದ್ದೆಯಲ್ಲಿ ನೇಜಿ ನೆಡುತ್ತಿದ್ದವಳಿಗೆ ಅವರಿಗೆ ಮತ ಹಾಕುವ ಹಕ್ಕೇ ಇರಲಿಲ್ಲ.

ಇನ್ನು ಎದ್ದು ಕೆಲವು ಕಡೆ ಹೋಗಿ ಬನ್ನಿ

ನೋಡಿದ್ದು ಸಾಕು. ಮೊದಲು ನಿಮ್ಮ ಅಡುಗೆಮನೆಗೆ. ಕೆಲಸಕ್ಕೆ ಬರುವ ಅಕ್ಕನಿಗೆ ವಾರಕ್ಕೊಂದು ರಜೆ ಉಂಟಾ? ಜ್ವರ ಬಂದ ದಿನದ ಸಂಬಳ ಹಿಡಿಯುತ್ತೀರಾ? ಆಕೆ ಚಾ ಕುಡಿಯುವ ಲೋಟ ಬೇರೆ ಇಟ್ಟಿದ್ದೀರಾ? ಅಡಿಕೆ ಸುಲಿಯಲು ಬರುವ ಹೆಂಗಸರಿಗೂ ತೋಟಕ್ಕೆ ಬರುವ ಗಂಡಸರಿಗೂ ಕೂಲಿಯಲ್ಲಿ ಎಷ್ಟು ಅಂತರ, ಯಾಕೆ? "ಮೊದಲಿನಿಂದಲೂ ಹಾಗೇ" ಅನ್ನುವ ಉತ್ತರ ಬಂದರೆ ಅದನ್ನೂ ಬರೆದಿಡಿ.

ಮುಂದಿನ ಸಲ ಪೇಟೆಯಲ್ಲಿ ಸೀರೆ ತೆಗೆಯಲು ಹೋದಾಗ ಕೌಂಟರಿನ ಹಿಂದೆ ಬಗ್ಗಿ ನೋಡಿ. ಸ್ಟೂಲ್ ಉಂಟಾ? ಇದ್ದರೆ ಅದರ ಮೇಲೆ ಯಾರಾದರೂ ಕೂತಿದ್ದಾರಾ, ಇಲ್ಲ ಸೀರೆಯ ಡಬ್ಬಿ ಕೂತಿದೆಯಾ? ಮಾಲೀಕರ ಹತ್ತಿರ ನಗುತ್ತಲೇ ಕೇಳಿ. ಗಿರಾಕಿ ಕೇಳಿದರೆ ಅದರ ತೂಕವೇ ಬೇರೆ.

ಮತ ಕೇಳಲು ಬಂದವರಿಗೂ ಒಂದು ಪ್ರಶ್ನೆ ಇರಲಿ. ಕೇರಳದ ಪಂಚಾಯತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ, 2010ರ ಚುನಾವಣೆಯಿಂದ. ವಾರ್ಡಿನ ಚರಂಡಿ, ಪಿಂಚಣಿ, ರೇಷನ್ ಕಾರ್ಡಿಗೆಲ್ಲ ಓಡುವುದು ಅವರೇ. 2021ರ ವಿಧಾನಸಭೆಗೆ ಗೆದ್ದ ಹೆಂಗಸರು 140ರಲ್ಲಿ 11. ಆ ಚುನಾವಣೆಯ ಟಿಕೆಟ್ ಪಟ್ಟಿ ಬಂದ ದಿನ ರಾಜ್ಯ ಮಹಿಳಾ ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದ ಲತಿಕಾ ಸುಭಾಷ್ ಪಕ್ಷದ ಕಚೇರಿಯ ಮುಂದೆಯೇ ತಲೆ ಬೋಳಿಸಿಕೊಂಡರು. ಅಲ್ಲಿಯವರೆಗಿನ ಯಾವ ಚುನಾವಣೆಯಲ್ಲೂ ಮಂಜೇಶ್ವರದಿಂದ ಒಬ್ಬ ಹೆಣ್ಣು ಗೆದ್ದು ಹೋಗಿಲ್ಲ, ಮಾರಾಯ್ರೆ. ಹಾಗಾಗಿ ಕೇಳಿ: ನಿಮ್ಮ ಪಕ್ಷದಲ್ಲಿ ಎರಡು ಅವಧಿ ವಾರ್ಡ್ ಸದಸ್ಯೆಯಾಗಿ ದುಡಿದವರಿಗೆ ಮುಂದಿನ ಮೆಟ್ಟಿಲು ಯಾವುದು? ಮಹಿಳಾ ಘಟಕ ಅನ್ನುವ ಉತ್ತರಕ್ಕೆ ತಲೆ ಆಡಿಸಬೇಡಿ.

ಇನ್ನೊಂದು ಕೆಲಸ ಸ್ವಲ್ಪ ಬರೆಯುವಂಥದ್ದು. ಕೆಲಸದ ಜಾಗದ ಲೈಂಗಿಕ ಕಿರುಕುಳದ 2013ರ ಕಾನೂನಿನ ಪ್ರಕಾರ ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಕೆಲಸ ಮಾಡುವವರು, ಮನೆಕೆಲಸದವರು ದೂರು ಕೊಡಬೇಕಾಗಿದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಅಂಥದ್ದೊಂದು ಇದೆ ಅಂತ ಟಿವಿಯಲ್ಲಿ ಯಾರೂ ಹೇಳುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿ: ಕಾಸರಗೋಡು ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಮೂರು ವರ್ಷದಲ್ಲಿ ಎಷ್ಟು ದೂರು ಬಂತು, ಅದರಲ್ಲಿ ಮನೆಕೆಲಸದವರದ್ದು ಎಷ್ಟು, ಸಮಿತಿಯ ವಿವರ ಕನ್ನಡದಲ್ಲಿ ಎಲ್ಲೆಲ್ಲಿ ಹಾಕಿದ್ದಾರೆ. ವಿದ್ಯಾನಗರದ ಕಲೆಕ್ಟರೇಟಿಗೆ ಬರೆಯಿರಿ, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ. ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಭಾಷಾ ಕಾನೂನಿನಲ್ಲಿ ಕಾಸರಗೋಡಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಉಂಟು, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕೂ ಉಂಟು. ಮೂವತ್ತು ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ ಮೂವತ್ತು ದಿನ ಸಿಗುತ್ತದೆ. ಅರ್ಜಿಯ ಜೆರಾಕ್ಸ್ ಒಂದು ಇಟ್ಟುಕೊಳ್ಳಿ.